ನೌಕರಿ ಸಿಕ್ಕಿದೆ, ಕೆಲಸ ಯಾಕೆ ಒಗ್ಗುತ್ತಿಲ್ಲ?

ಪ್ರಶ್ನೆ: ನನಗೆ 29 ವರ್ಷ. ಎಂಜಿನಿಯರಿಂಗ್ ಮುಗಿಸಿ ನಾಲ್ಕು ವರ್ಷ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಓದಿದೆ. ಬರೆಯದ ಪರೀಕ್ಷೆ ಇಲ್ಲ. ಕೊನೆಗೆ 2024ರ ಪರೀಕ್ಷೆಯಲ್ಲಿ ಪಾಸಾಗಿ ಗ್ರಾಮ ಆಡಳಿತಾಧಿಕಾರಿಯಾದೆ. ಆರ್ಡರ್ ಕಾಪಿ ಬಂದ ದಿನ ಅಪ್ಪ ಓಣಿಗೆಲ್ಲ ಪೇಢೆ ಹಂಚಿದರು. ಮೂರು ಎಕರೆ ಒಣಭೂಮಿಯ ರೈತರು ಅವರು; ಒಂದು ಪಹಣಿ ತಿದ್ದುಪಡಿಗೆ ವರ್ಷಗಟ್ಟಲೆ ತಾಲ್ಲೂಕು ಕಚೇರಿ ಅಲೆದವರು. ಈಗ ಮಗನೇ ಆ ಇಲಾಖೆಯಲ್ಲಿದ್ದಾನೆ ಎಂಬ ಹೆಮ್ಮೆ ಅವರಿಗೆ.

ಸೇರಿ ಒಂದೂಕಾಲು ವರ್ಷವಾಯಿತು. ನನ್ನ ವೃತ್ತದ ಜೊತೆ ಪಕ್ಕದ ಖಾಲಿ ವೃತ್ತದ ಹೆಚ್ಚುವರಿ ಪ್ರಭಾರವೂ ನನ್ನದೇ. ಕಣ್ಣು ಬಿಟ್ಟರೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪೆಂಡೆನ್ಸಿ ಪಟ್ಟಿ. ರಾತ್ರಿ ಎಂಟಕ್ಕೆ ಗೂಗಲ್ ಮೀಟ್. ಆಧಾರ್ ಜೋಡಣೆಗೆ ಒಂದು ಆ್ಯಪ್, ಬಗರ್‌ಹುಕುಂಗೆ ಒಂದು, ಬೆಳೆ ಸಮೀಕ್ಷೆಗೆ ಒಂದು, ಇ-ಪೌತಿ ಬೇರೆ. ಯಾರ ಹೆಸರು ಪಟ್ಟಿಯ ಕೊನೆಗೆ ಬರುತ್ತದೋ ಅವರಿಗೆ ಎಲ್ಲರೆದುರು ಬೈಗುಳ, ಮರುದಿನ ನೋಟಿಸ್. ಸರ್ವರ್ ಡೌನ್ ಇತ್ತು ಎಂದರೆ ಕೇಳುವವರಿಲ್ಲ.

ನಾನು ಯಾರಿಂದಲೂ ಹಣ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಇರಬೇಕು, ಕಚೇರಿಯಲ್ಲಿ ಕೆಲವರು ನನ್ನೊಡನೆ ಚಹಾ ಕುಡಿಯಲೂ ಬರುವುದಿಲ್ಲ. ಹೋದ ತಿಂಗಳು ಒಬ್ಬ ಅಜ್ಜಿಯ ಪೌತಿ ಖಾತೆ ಮಾಡಿಕೊಟ್ಟೆ. ಗಂಡ ತೀರಿ ಹನ್ನೊಂದು ವರ್ಷವಾಗಿತ್ತು, ಪಹಣಿಯಲ್ಲಿ ಇನ್ನೂ ಅವರದೇ ಹೆಸರು. ಇಬ್ಬರು ಮಕ್ಕಳು ಮಾತು ಬಿಟ್ಟಿದ್ದರು, ಮೂರು ಸಲ ಅವರ ಮನೆಗೆ ಹೋಗಿ ಇಬ್ಬರನ್ನೂ ಒಂದೇ ಕಟ್ಟೆಯ ಮೇಲೆ ಕೂರಿಸಿ ಸಹಿ ಹಾಕಿಸಿದೆ, ಅಜ್ಜಿ ಆಮೇಲೆ ಸೆರಗಿನಲ್ಲಿ ಶೇಂಗಾ ಕಟ್ಟಿಕೊಂಡು ಕಚೇರಿಗೆ ಬಂದಿದ್ದರು, ಅದೂ ಲಂಚವಾದೀತೆಂದು ಹೆದರಿ ಬೇಡ ಅಂದುಬಿಟ್ಟೆ. ಆ ದಿನವೂ ಗ್ರೂಪಿನಲ್ಲಿ ನನ್ನ ಹೆಸರು ಕೆಂಪು ಬಣ್ಣದಲ್ಲೇ ಇತ್ತು.

ಬೆಂಗಳೂರಿನ ಐಟಿ ಕಂಪನಿಯಲ್ಲಿರುವ ಗೆಳೆಯ, ‘ನಿಂದೇನಪ್ಪ, ಲೈಫ್ ಸೆಟ್ಲ್’ ಅನ್ನುತ್ತಾನೆ. ಭಾನುವಾರ ಸಂಜೆಯಾದರೆ ನನಗೆ ಹೊಟ್ಟೆಯೊಳಗೆ ಕಲೆಸಿದ ಹಾಗಾಗುತ್ತದೆ. ನಡುರಾತ್ರಿ ಎಚ್ಚರವಾಗಿ ಮೊಬೈಲ್ ನೋಡುತ್ತೇನೆ. ಲಕ್ಷಾಂತರ ಜನ ಹಂಬಲಿಸುವ ನೌಕರಿ ಸಿಕ್ಕಿಯೂ ಖುಷಿಯಾಗಿಲ್ಲ ಅಂದರೆ ನನ್ನಲ್ಲೇ ಏನಾದರೂ ದೋಷವಿದೆಯೇ? ಬಿಟ್ಟುಬಿಡಲೇ? ಅಪ್ಪನಿಗೆ ಏನು ಹೇಳಲಿ?

– ಹೆಸರು ಬೇಡ, ಉತ್ತರ ಕರ್ನಾಟಕ

ಉತ್ತರ: ನಿಮ್ಮಲ್ಲಿ ದೋಷವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಕೇಳಿದ ಮೂರು ಪ್ರಶ್ನೆಗಳಲ್ಲಿ ನಿಮ್ಮನ್ನು ಒಳಗೊಳಗೇ ತಿನ್ನುತ್ತಿರುವುದು ಇದೇ ಎಂದು ನನಗನ್ನಿಸಿತು.

ನಮ್ಮಲ್ಲಿ ನೌಕರಿ, ಕೆಲಸ ಎಂದು ಎರಡು ಮಾತುಗಳಿವೆ. ಆಡುವಾಗ ಎರಡನ್ನೂ ಒಂದೇ ಅರ್ಥದಲ್ಲಿ ಆಡುತ್ತೇವೆ. ಆದರೆ ನೌಕರಿ ಸಿಗುವುದು ಒಂದೇ ದಿನ. ಆರ್ಡರ್ ಕಾಪಿ, ಪೇಢೆ, ಗುಡಿಗೆ ಕಾಯಿ, ನೆಂಟರ ಫೋನು, ಎಲ್ಲವೂ ಆ ದಿನದ್ದು. ಕೆಲಸ ಶುರುವಾಗುವುದು ಮರುದಿನ, ಆಮೇಲೆ ಮೂವತ್ತು ವರ್ಷ ಪ್ರತಿದಿನ. ನಮ್ಮ ಸಮಾಜ ನೌಕರಿಯ ಬಗ್ಗೆ ಸಾವಿರ ಪ್ರಶ್ನೆ ಕೇಳುತ್ತದೆ: ಗ್ರೂಪ್ ಯಾವುದು, ಸಂಬಳ ಎಷ್ಟು, ಪಿಂಚಣಿ ಇದೆಯೇ, ಊರು ಹತ್ತಿರವೇ? ಕೆಲಸದ ಬಗ್ಗೆ ಯಾರೂ ಒಂದು ಪ್ರಶ್ನೆ ಕೇಳುವುದಿಲ್ಲ. ಸಪ್ತಾಪುರದ ಆ ನಾಲ್ಕು ವರ್ಷಗಳಲ್ಲಿ ಸಂವಿಧಾನದ ವಿಧಿಗಳನ್ನು, ಭೂಗೋಳವನ್ನು, ಮೆಂಟಲ್ ಎಬಿಲಿಟಿಯನ್ನು ಬಾಯಿಪಾಠ ಮಾಡಿಸಿದವರಿದ್ದರು. ಗ್ರಾಮ ಆಡಳಿತಾಧಿಕಾರಿಯ ಒಂದು ದಿನ ಹೇಗಿರುತ್ತದೆ ಎಂದು ಹೇಳಿದವರು ಯಾರಾದರೂ ಇದ್ದರೇ? ನೌಕರಿ ಸಿಕ್ಕ ಸಂತೋಷ ನಿಮಗೆ ಪೂರ್ತಿ ಸಿಕ್ಕಿದೆ, ಅದು ಸುಳ್ಳಲ್ಲ. ಕೆಲಸದ ಸಂತೋಷ ಬೇರೆ ಬಾವಿಯ ನೀರು. ಅದನ್ನು ಈ ಬಾವಿಯಲ್ಲಿ ಹುಡುಕುತ್ತ ಸಿಗಲಿಲ್ಲವೆಂದು ನಿಮ್ಮನ್ನೇ ಬೈದುಕೊಳ್ಳುತ್ತಿದ್ದೀರಿ.

ಇದು ನಾನೊಬ್ಬಳೇ ಕಂಡುಕೊಂಡ ಮಾತೇನಲ್ಲ. ಫ್ರೆಡೆರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಪಿಟ್ಸ್‌ಬರ್ಗ್ ಸುತ್ತಿನ ಸುಮಾರು 200 ಮಂದಿಯನ್ನು ಮಾತಾಡಿಸಿ 1959ರಲ್ಲಿ ಒಂದು ಪುಸ್ತಕ ತಂದರು. ಅವರು ಮಾತಾಡಿಸಿದ್ದು ಎಂಜಿನಿಯರುಗಳನ್ನು ಮತ್ತು ಲೆಕ್ಕಿಗರನ್ನು. ನೀವು ಓದಿದ್ದು ಎಂಜಿನಿಯರಿಂಗ್. ನಿಮ್ಮ ಹುದ್ದೆಗೆ ಕೆಲವು ವರ್ಷಗಳ ಹಿಂದಿನವರೆಗೂ ಇದ್ದ ಹೆಸರು ಗ್ರಾಮ ಲೆಕ್ಕಿಗ. ಕೆಲಸದಲ್ಲಿ ತುಂಬ ಸಂತೋಷವಾದ ಹೊತ್ತು ಯಾವುದು, ತುಂಬ ಬೇಸರವಾದ ಹೊತ್ತು ಯಾವುದು ಎಂದು ಆ 200 ಮಂದಿಯನ್ನು ಕೇಳಲಾಯಿತು. ಬೇಸರದ ಕತೆಗಳಲ್ಲಿ ಇದ್ದದ್ದು ಕಂಪನಿಯ ನೀತಿ, ಮೇಲಧಿಕಾರಿಯ ವರ್ತನೆ, ಸಂಬಳ, ಕೆಲಸದ ಜಾಗ. ಸಂತೋಷದ ಕತೆಗಳು ಇವುಗಳ ತಿರುವುಮುರುವಾಗಿರಲಿಲ್ಲ. ಅಲ್ಲಿ ಇದ್ದದ್ದು ಬೇರೆಯೇ: ಏನೋ ಸಾಧಿಸಿದ್ದು, ಅದನ್ನು ಯಾರೋ ಗುರುತಿಸಿದ್ದು, ಕೆಲಸದೊಳಗಿನ ರುಚಿ, ಹೊಣೆ. ಸಂಬಳ ಸರಿಯಿಲ್ಲದಿದ್ದರೆ ಮನುಷ್ಯ ನರಳುತ್ತಾನೆ. ಸರಿಯಾದರೆ ನರಳಾಟ ನಿಲ್ಲುತ್ತದೆ. ಅಷ್ಟಕ್ಕೇ ಹರ್ಷ ಹುಟ್ಟುವುದಿಲ್ಲ. ಹರ್ಜ್‌ಬರ್ಗರ ವಿಧಾನದ ಬಗ್ಗೆ ಆಮೇಲೆ ತಕರಾರು ಬಂತು. ಒಳ್ಳೆಯದಾದರೆ ತಾನು ಮಾಡಿದ್ದು, ಕೆಟ್ಟದ್ದಾದರೆ ಸುತ್ತಲಿನವರದು ಎನ್ನುವುದು ಮನುಷ್ಯ ಸ್ವಭಾವ ಎಂದರು. ಆ ತಕರಾರಿನಲ್ಲಿ ಹುರುಳಿದೆ. ಆದರೂ ಇಪ್ಪತ್ತು ವರ್ಷ ಸರ್ಕಾರಿ ನೌಕರರ ಮಾತು ಕೇಳಿಸಿಕೊಂಡ ನನಗೆ ಈ ಮೂಲ ವಿಂಗಡಣೆ ಇಂದಿಗೂ ನಿಜವೆನಿಸುತ್ತದೆ.

ಸಂಬಳದ ಮಾತನ್ನು ಇಲ್ಲಿಗೇ ಮುಗಿಸುತ್ತೇನೆ. ನೀವೂ ಅದರ ಬಗ್ಗೆ ದೂರಿಲ್ಲ. ಏಳನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲವೇತನ 17,000ದಿಂದ 27,000 ರೂಪಾಯಿಗೆ ಏರಿತು. ಅದು ಸಣ್ಣ ವಿಷಯವಲ್ಲ. ಮನೆಯ ಸಾಲ ತೀರಿಸುವವರಿಗೆ ಅದರ ಬೆಲೆ ಗೊತ್ತು. 2006ರ ಏಪ್ರಿಲ್ ನಂತರ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲವೆಂಬ ಅಳಲೂ ನಿಜವಾದದ್ದೇ. ಆದರೆ ನಿಮ್ಮ ಭಾನುವಾರದ ಸಂಜೆಗೆ ಇವೆರಡೂ ಕಾರಣವಲ್ಲ.

ಕಾರಣ ಬೇರೆ ಇದೆ. ನಿಮ್ಮ ದಿನ ನಿಮ್ಮ ಕೈಯಲ್ಲಿಲ್ಲ. ಬೆಳಗ್ಗೆ ಯಾವ ಊರಿಗೆ ಹೋಗಬೇಕೆಂದು ನೀವು ನಿರ್ಧರಿಸುವ ಮೊದಲೇ ಗ್ರೂಪು ನಿರ್ಧರಿಸಿರುತ್ತದೆ. ಅರ್ಧ ದಾರಿಯಲ್ಲಿ ಇನ್ನೊಂದು ಕರೆ ಬಂದು ಆ ಕೆಲಸ ಬಿಟ್ಟು ಈ ಕೆಲಸ ಎನ್ನುತ್ತದೆ. ಸರ್ವರ್ ನಿಂತರೆ ಹೊಣೆ ನಿಮ್ಮದು, ಅದನ್ನು ಸರಿಪಡಿಸುವ ಅಧಿಕಾರ ಮಾತ್ರ ನಿಮಗಿಲ್ಲ. ಹೊಣೆ ಭಾರವಾಗಿದ್ದು ಹಿಡಿತ ಹಗುರವಾಗಿದ್ದರೆ ಅದು ಮನಸ್ಸಿಗಷ್ಟೇ ಅಲ್ಲ, ದೇಹಕ್ಕೂ ತಟ್ಟುತ್ತದೆ.

ಇದಕ್ಕೆ ಇರುವ ಬಹುದೊಡ್ಡ ಸಾಕ್ಷ್ಯ ಸರ್ಕಾರಿ ನೌಕರರಿಂದಲೇ ಬಂದಿದೆ. ಲಂಡನ್ನಿನ ವೈಟ್‌ಹಾಲ್ ಎಂದರೆ ಬ್ರಿಟಿಷ್ ಸರ್ಕಾರದ ಕಚೇರಿಗಳ ಬೀದಿ. 1967ರಿಂದ ಅಲ್ಲಿನ ಸುಮಾರು 18,000 ಪುರುಷ ನೌಕರರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಿದರು. ಎಲ್ಲರೂ ಕಚೇರಿಯ ಕೆಲಸದವರು, ಎಲ್ಲರದೂ ಭದ್ರ ನೌಕರಿ, ಬಡವರೆನ್ನಬಹುದಾದವರು ಯಾರೂ ಇಲ್ಲ. ಆದರೂ ಕೆಳದರ್ಜೆಯವರು ಹೃದ್ರೋಗದಿಂದ ಸಾಯುವ ಪ್ರಮಾಣ ಮೇಲ್ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು ಇತ್ತು. ಸಿಗರೇಟು, ರಕ್ತದೊತ್ತಡಗಳನ್ನು ಲೆಕ್ಕ ಹಿಡಿದರೂ ಅಂತರದ ಒಂದು ಭಾಗಕ್ಕೆ ಮಾತ್ರ ಉತ್ತರ ಸಿಕ್ಕಿತು. 1985ರಲ್ಲಿ ಮೈಕೆಲ್ ಮಾರ್ಮಟ್ ಅವರ ನೇತೃತ್ವದಲ್ಲಿ ಎರಡನೇ ಅಧ್ಯಯನ ಶುರುವಾಯಿತು. ಈ ಸಲ ಮಹಿಳೆಯರೂ ಸೇರಿ 10,308 ಮಂದಿ. ತಮ್ಮ ಕೆಲಸದ ಮೇಲೆ ತಮಗೆ ಹಿಡಿತವಿಲ್ಲ ಎಂಬ ಸ್ಥಿತಿಯಲ್ಲಿದ್ದವರಲ್ಲಿ ಹೃದ್ರೋಗ ಹೆಚ್ಚು ಎಂಬುದು ಅಲ್ಲಿ ಎದ್ದು ಕಂಡಿತು. ನಿಮ್ಮ ಹೊಟ್ಟೆಯಲ್ಲಿ ಕಲೆಸುವುದು ಹೇಡಿತನವಲ್ಲ, ಸೋಮಾರಿತನದ ನೆಪವೂ ಅಲ್ಲ. ಭದ್ರವಾದ ನೌಕರಿಯಲ್ಲಿ ಕೂತ ದೇಹವೂ ಹೀಗೆ ದೂರು ಕೊಡುತ್ತದೆ.

ಹಾಗಾದರೆ ಹಿಡಿತವನ್ನು ಎಲ್ಲಿಂದ ತರುವುದು? ಎಲ್ಲವನ್ನೂ ತರಲಾಗದು, ಆ ಭರವಸೆ ಕೊಡಲಾರೆ. ಒಂದಷ್ಟನ್ನು ತರಬಹುದು.

ಕೆಲವು ವರ್ಷಗಳ ಹಿಂದೆ ನನ್ನ ಬಳಿ ಬರುತ್ತಿದ್ದ ನಿಮ್ಮ ಹುದ್ದೆಯವರೇ ಆದ ಒಬ್ಬ ಹೆಣ್ಣುಮಗಳು ಮಾಡಿದ್ದನ್ನು ಹೇಳುತ್ತೇನೆ. ಆಕೆಯ ವೃತ್ತದಲ್ಲಿ ಆರು ಹಳ್ಳಿ. ಯಾವ ವಾರ ಯಾವ ಊರು, ಯಾವ ದಿನ ಕಚೇರಿ ಎಂದು ಒಂದು ಹಾಳೆಯಲ್ಲಿ ಬರೆದು ಆರೂ ಊರಿನ ಪಂಚಾಯಿತಿ ಕಟ್ಟೆ, ಹಾಲಿನ ಡೇರಿ, ಗುಡಿಯ ಗೋಡೆಗೆ ಅಂಟಿಸಿದರು. ಕಂದಾಯ ನಿರೀಕ್ಷಕರಿಗೂ ಒಂದು ಪ್ರತಿ ಕೊಟ್ಟು, ‘ತುರ್ತು ಬಂದರೆ ಬದಲಿಸುತ್ತೇನೆ, ಇಲ್ಲದಿದ್ದರೆ ಹೀಗೇ ನಡೆಯಲು ಬಿಡಿ ಸರ್’ ಎಂದು ಕೇಳಿಕೊಂಡರು. ಮೊದಲ ತಿಂಗಳು ವಾರದಲ್ಲಿ ಎರಡೇ ದಿನ ಪಟ್ಟಿಯಂತೆ ನಡೆಯಿತು. ಆಮೇಲೆ ಮೂರು ದಿನವಾಯಿತು. ವಾರ ಪೂರ್ತಿ ಎಂದೂ ನಡೆಯಲಿಲ್ಲ. ಆದರೆ ಮಂಗಳವಾರ ಮೇಡಂ ಬಂದೇ ಬರುತ್ತಾರೆ ಎಂದು ಊರಿಗೆ ಗೊತ್ತಾದ ಮೇಲೆ ರಾತ್ರಿ ಬರುವ ಫೋನುಗಳು ಕಡಿಮೆಯಾದವು. ಆಕೆ ನನಗೆ ಹೇಳಿದ್ದು ಇಷ್ಟೇ: ‘ಆ ಮೂರು ದಿನ ನನ್ನವು ಅನ್ನಿಸುತ್ತಿತ್ತು.’

ನೀವೂ ಒಂದು ದಿನದಿಂದ ಶುರು ಮಾಡಿ. ಮುಖ್ಯವಾದದ್ದು ಇನ್ನೊಂದಿದೆ, ಬರೆದಿಡುವುದು. ಸರ್ವರ್ ಎಷ್ಟು ಹೊತ್ತಿಗೆ ನಿಂತಿತು, ಯಾವ ಕೆಲಸ ಬಿಟ್ಟು ಯಾವುದಕ್ಕೆ ಹೋಗಿ ಎಂದು ಯಾರು ಹೇಳಿದರು, ಎರಡು ವೃತ್ತಗಳಿಂದ ಅಂದು ಎಷ್ಟು ಅರ್ಜಿ ಬಂತು, ಇವು ಒಂದು ಪುಸ್ತಕದಲ್ಲಿ ತಾರೀಖಿನೊಂದಿಗೆ ಇರಲಿ. ಬಾಯಿಮಾತಿನ ಆದೇಶವನ್ನು ಸಾಧ್ಯವಿರುವ ಕಡೆಯೆಲ್ಲ ಲಿಖಿತವಾಗಿ ಪಡೆಯಬೇಕೆಂಬ ಆಶಯ ನಡತೆ ನಿಯಮಗಳಲ್ಲೇ ಇದೆ. ಲಿಖಿತ ಆದೇಶ ಸಿಗದಿದ್ದರೆ ‘ತಾವು ಇಂದು ಫೋನಿನಲ್ಲಿ ಸೂಚಿಸಿದಂತೆ’ ಎಂದು ಎರಡು ಸಾಲು ನೀವೇ ಕಳಿಸಿ, ವಿನಯದಿಂದ. ನೀವು ಇನ್ನೂ ಪರೀಕ್ಷಾರ್ಥ ಅವಧಿಯಲ್ಲಿದ್ದೀರಿ. ಎದುರುತ್ತರ ಕೊಡುವ ಕಾಲ ಇದಲ್ಲ, ದಾಖಲೆ ಇಡುವ ಕಾಲ. ನೋಟಿಸ್ ಬಂದ ದಿನ ಆ ಪುಸ್ತಕ ನಿಮ್ಮ ಪರವಾಗಿ ಮಾತಾಡುತ್ತದೆ. ಅದಕ್ಕಿಂತ ಹೆಚ್ಚಾಗಿ, ರಾತ್ರಿ ಎಚ್ಚರವಾದಾಗ ‘ನಾನು ಏನೂ ಮಾಡಲಿಲ್ಲ’ ಎಂದು ತಲೆಯೊಳಗೆ ಏಳುವ ದನಿಗೆ ಅದು ಉತ್ತರ ಕೊಡುತ್ತದೆ.

ಉಳಿದ ಭಾರ ಒಬ್ಬರ ಹೆಗಲಿನದಲ್ಲ. ನೀವು ಸೇರುವ ಮೊದಲೇ, 2024ರಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಕೆಲಸ ನಿಲ್ಲಿಸಿ ಧರಣಿ ಕೂತಿದ್ದು ನಿಮಗೆ ನೆನಪಿರಬೇಕು. ಅವರ ಬೇಡಿಕೆಗಳನ್ನು ಓದಿದಾಗ ನನ್ನ ಮನಸ್ಸು ಮುದುಡಿತು. ಕೂರಲು ಕಚೇರಿ, ಮೇಜು, ಕುರ್ಚಿ, ಆ್ಯಪ್ ನಡೆಸಲು ಮೊಬೈಲ್, ಲ್ಯಾಪ್‌ಟಾಪ್. ಆ್ಯಪ್‌ಗಳ ಒತ್ತಡ ತಗ್ಗಿಸಿ, ಊರಿನ ಕಡೆ ವರ್ಗಾವಣೆ ಕೊಡಿ. ವಿಧಾನಸೌಧದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿದೆ. ಆ ಮಾತನ್ನು ನಾನು ನಂಬುತ್ತೇನೆ. ಆದರೆ ಅದನ್ನು ನೌಕರನ ಬಾಯಿ ಮುಚ್ಚಿಸಲು ಬಳಸುವುದನ್ನು ಒಪ್ಪುವುದಿಲ್ಲ. ಆ ಮಾತು ಕೆಲಸ ಕೊಟ್ಟವರ ಮೇಲೂ ಹೊಣೆ ಹೊರಿಸುತ್ತದೆ: ಮಾಡುವವನಿಗೆ ಸಲಕರಣೆ ಕೊಡಬೇಕು, ಮಲಗಲು ರಾತ್ರಿ ಬಿಟ್ಟುಕೊಡಬೇಕು. ಧರಣಿಯ ನಂತರ ಲ್ಯಾಪ್‌ಟಾಪ್ ಕೊಡುವ ಕೆಲಸವನ್ನು ಸರ್ಕಾರ ಕೈಗೆತ್ತಿಕೊಂಡಿತು. ಕೇಳಿದ್ದಕ್ಕೆ ಸಿಕ್ಕಿತು. ಒಬ್ಬರೇ ಕೋಣೆಯಲ್ಲಿ ಕೂತು ತಮ್ಮನ್ನು ಬೈದುಕೊಂಡಿದ್ದರೆ ಅದು ಬರುತ್ತಿರಲಿಲ್ಲ. ನಿಮ್ಮ ತಾಲ್ಲೂಕಿನ ಸಂಘದ ಸಭೆಗೆ ಹೋಗಿ. ಭಾಷಣ ಮಾಡಬೇಕಿಲ್ಲ, ರಾತ್ರಿಯ ಗೂಗಲ್ ಮೀಟ್ ನಿಮ್ಮೊಬ್ಬರದೇ ನೋವಲ್ಲ ಎಂದು ಗೊತ್ತಾದರೂ ಸಾಕು.

ಈಗ ನಿಮ್ಮ ಪತ್ರದೊಳಗೆ ನನ್ನನ್ನು ತಡೆದು ನಿಲ್ಲಿಸಿದ ಜಾಗಕ್ಕೆ ಬರುತ್ತೇನೆ.

ನಿಮ್ಮ ಪತ್ರದ ವಾಕ್ಯಗಳೆಲ್ಲ ತುಂಡುತುಂಡು. ಪೆಂಡೆನ್ಸಿ, ಮೀಟ್, ಆ್ಯಪ್, ನೋಟಿಸ್. ಒಂದೇ ಒಂದು ಕಡೆ ವಾಕ್ಯ ಉದ್ದವಾಗಿದೆ, ಉಸಿರು ಬಿಡದೆ ಹರಿದಿದೆ. ಅಜ್ಜಿಯ ಪೌತಿ ಖಾತೆಯ ವಾಕ್ಯ ಅದು. ಮೂರು ಸಲ ಹೋದದ್ದು, ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಒಂದು ಕಟ್ಟೆಗೆ ತಂದದ್ದು, ಸೆರಗಿನ ಶೇಂಗಾ. ದೂರಿನ ನಡುವೆ ಇನ್ನೊಂದು ದೂರಿನಂತೆ ಅದನ್ನು ಬರೆದಿದ್ದೀರಿ. ನನಗೆ ಅದು ಹಾಗೆ ಕೇಳಿಸಲಿಲ್ಲ. ಅಲ್ಲಿ ಒಬ್ಬ ಮನುಷ್ಯ ತನ್ನ ಕೆಲಸವನ್ನು ಪ್ರೀತಿಸಿದ್ದಾನೆ.

ಅಂದು ನೀವು ಏನು ಮಾಡಿದಿರಿ ಎಂದು ಯೋಚಿಸಿ. ಸತ್ತವರ ಹೆಸರಿನಲ್ಲಿ ಪಹಣಿ ಇದ್ದರೆ ಆ ಮನೆಗೆ ಸೊಸೈಟಿಯ ಸಾಲ ಹುಟ್ಟುವುದಿಲ್ಲ, ಬರ ಬಿದ್ದರೆ ಪರಿಹಾರ ಖಾತೆಗೆ ಬರುವುದಿಲ್ಲ, ಬೆಳೆವಿಮೆ ಕಟ್ಟಲು ತೊಡಕು. ಹನ್ನೊಂದು ವರ್ಷ ಆ ಹೊಲ ಇದ್ದೂ ಇಲ್ಲದಂತಿತ್ತು. ಅದನ್ನು ನೀವು ಬಿಡಿಸಿದಿರಿ. ಆ್ಯಪ್‌ನಲ್ಲಿ ಅದು ಒಂದು ಎಂಟ್ರಿ. ಅದೇ ಆ್ಯಪ್‌ನಲ್ಲಿ, ತಕರಾರಿಲ್ಲದ ಮನೆಯಲ್ಲಿ ಹತ್ತು ನಿಮಿಷಕ್ಕೆ ಮುಗಿದ ಇನ್ನೊಂದು ಪೌತಿಯೂ ಒಂದು ಎಂಟ್ರಿ. ಎರಡಕ್ಕೂ ಅಂಕ ಒಂದೇ. ನಿಮ್ಮ ನೋವಿನ ಬೇರು ಇಲ್ಲಿದೆ ಎಂದು ನನ್ನ ತೀರ್ಮಾನ. ನಿಮ್ಮ ಕೆಲಸವನ್ನು ಎಣಿಸುವವರಿದ್ದಾರೆ, ನೋಡುವವರಿಲ್ಲ. ಹೋಗಹೋಗುತ್ತ ನೀವೂ ನೋಡುವುದನ್ನು ಬಿಟ್ಟು ಎಣಿಸಲು ಕಲಿತಿದ್ದೀರಿ. ಅದಕ್ಕೇ ಆ ದಿನದ ಕತೆಯನ್ನು ಕೆಂಪು ಬಣ್ಣದಲ್ಲಿ ಮುಗಿಸಿದ್ದೀರಿ.

ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಫೋನಿನಲ್ಲಿ ದೇಣಿಗೆ ಕೇಳುವ ಕೆಲಸದವರ ಮೇಲೆ ಆ್ಯಡಮ್ ಗ್ರಾಂಟ್ ಮತ್ತು ಜೊತೆಗಾರರು ನಡೆಸಿದ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ದಿನವಿಡೀ ಬೈಸಿಕೊಳ್ಳುವ, ಬೇಡ ಎನಿಸಿಕೊಳ್ಳುವ ಕೆಲಸ ಅದು. ಅವರಲ್ಲಿ ಕೆಲವರಿಗೆ, ಆ ದೇಣಿಗೆಯಿಂದ ಓದುತ್ತಿರುವ ಒಬ್ಬ ವಿದ್ಯಾರ್ಥಿಯನ್ನು ಕರೆದು ತಂದು ಐದು ನಿಮಿಷ ಮಾತಾಡಿಸಿದರು, ಅಷ್ಟೇ. ತಿಂಗಳ ನಂತರ ನೋಡಿದಾಗ ಅವರು ಫೋನಿನಲ್ಲಿ ಕಳೆಯುವ ಸಮಯ ಎರಡು ಪಟ್ಟಿಗೂ ಹೆಚ್ಚಾಗಿತ್ತು, ತಂದ ಹಣವೂ ಹಾಗೆಯೇ. ಸಂಬಳ ಹೆಚ್ಚಿಸಿರಲಿಲ್ಲ. ಕೆಲಸದ ಆಚೆ ತುದಿಯಲ್ಲಿ ಒಂದು ಮುಖವಿದೆ ಎಂದು ಕಂಡಿತ್ತು.

ನಿಮಗೆ ಆ ಮುಖವನ್ನು ಯಾರೂ ಕರೆತರಬೇಕಿಲ್ಲ. ದಿನವೂ ನಿಮ್ಮೆದುರು ನಿಂತಿರುತ್ತದೆ. ಕಂಪನಿಯ ಗೆಳೆಯನಿಗೆ ತಾನು ಬರೆದ ಕೋಡ್ ಯಾವ ದೇಶದ ಯಾರಿಗೆ ನೆರವಾಯಿತೆಂದು ಬಹುಶಃ ಎಂದೂ ತಿಳಿಯುವುದಿಲ್ಲ. ನಿಮ್ಮ ವರದಿಯಿಂದ ವಿಧವಾ ವೇತನ ಮಂಜೂರಾದವರು ನಿಮ್ಮ ಬಸ್ಸಿನಲ್ಲೇ ಸಂತೆಗೆ ಬರುತ್ತಾರೆ. ಸಿಇಟಿ ದಿನಗಳಲ್ಲಿ ನೀವು ಹೊತ್ತಿಗೆ ಸರಿಯಾಗಿ ಕೊಟ್ಟ ಜಾತಿ-ಆದಾಯ ವರದಿಯಿಂದ ಸೀಟು ಉಳಿಸಿಕೊಂಡ ಹುಡುಗಿ ನಿಮ್ಮ ವೃತ್ತದಲ್ಲೇ ಇರುತ್ತಾಳೆ. ಸರ್ಕಾರಿ ಕೆಲಸದಲ್ಲಿ ಮಾತ್ರ ಸಿಗುವ ಸಂಪತ್ತು ಇದು. ಪಿಯುಸಿ ವಿದ್ಯಾರ್ಹತೆಯ ಹುದ್ದೆಗೆ ಎಂಜಿನಿಯರ್ ಆಗಿ ಬಂದೆ ಎಂಬ ಕೊರಗೂ ನಿಮ್ಮೊಳಗೆ ಇರಬಹುದು, ನೀವು ಬರೆದಿಲ್ಲ. ಇದ್ದರೆ ಹೇಳುತ್ತೇನೆ: ಒಡೆದ ಎರಡು ಮನೆಗಳನ್ನು ಒಂದು ಕಟ್ಟೆಗೆ ತರುವ ವಿದ್ಯೆಯನ್ನು ಯಾವ ಪದವಿಯೂ ಕಲಿಸುವುದಿಲ್ಲ. ಬಿಡುವಾದಾಗ ನವರತ್ನ ರಾಮರಾಯರ ‘ಕೆಲವು ನೆನಪುಗಳು’ ಓದಿ. ಹಳೆಯ ಮೈಸೂರಿನಲ್ಲಿ ಅಮಲ್ದಾರರಾಗಿ ಊರೂರು ತಿರುಗಿದವರು ಅವರು.

ದಾಖಲೆಯ ಪುಸ್ತಕ ಇಡಲು ಹೇಳಿದೆನಲ್ಲ, ಅದರ ಹಿಂಬದಿಯಿಂದ ಇನ್ನೊಂದು ಲೆಕ್ಕ ಶುರು ಮಾಡಿ. ವಾರಕ್ಕೆ ಒಂದು ಹೆಸರು. ಅವರ ಕೆಲಸ ಆಯಿತು, ಆಮೇಲೆ ಏನಾಯಿತು? ಆ ‘ಆಮೇಲೆ’ಯನ್ನು ನೀವೇ ಹೋಗಿ ವಿಚಾರಿಸಿ ಬರೆಯಿರಿ.

ಶೇಂಗಾ ಬೇಡವೆಂದದ್ದು ಸರಿಯೇ. ಅದರಲ್ಲಿ ನಿಮಗೆ ಅಳುಕು ಬೇಡ. ಆದರೆ ಅಜ್ಜಿ ಕೊಡಲು ಬಂದದ್ದು ಶೇಂಗಾ ಮಾತ್ರವಲ್ಲ. ‘ಇದನ್ನು ತಗೊಳ್ಳುವ ಹಾಗಿಲ್ಲ ಅವ್ವ, ನಿಮ್ಮ ಮನೆಗೆ ಬಂದಾಗ ನೀರು ಕುಡೀತೀನಿ’ ಎನ್ನಬಹುದಿತ್ತು. ಪ್ರಾಮಾಣಿಕರು ಮಾಡುವ ತಪ್ಪೊಂದು ಇದೇ: ಹಣವನ್ನು ದೂರ ಇಡುವ ಭರದಲ್ಲಿ ಜನರ ಕೃತಜ್ಞತೆಯನ್ನೂ ದೂರ ಇಟ್ಟುಬಿಡುತ್ತಾರೆ. ಆಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಣ ಮುಟ್ಟದವನಿಗೆ ಆ ಕೃತಜ್ಞತೆಯೇ ಅನ್ನ.

ಚಹಾಕ್ಕೆ ಬಾರದ ಸಹೋದ್ಯೋಗಿಗಳ ವಿಷಯ ಕಠಿಣವಾದದ್ದು. ಅದನ್ನು ಹಗುರಗೊಳಿಸಿ ಹೇಳಲಾರೆ. ನೀವು ನಂಬಿದ್ದು ಒಂದು, ಸುತ್ತ ನಡೆಯುವುದು ಇನ್ನೊಂದು ಆದಾಗ ಮನಸ್ಸು ಸವೆಯುವ ವೇಗವೇ ಬೇರೆ; ಕೆಲಸದ ಹೊರೆಗಿಂತ ಇದು ಹೆಚ್ಚು ದಣಿಸುತ್ತದೆ. ನೀವು ಅವರ ನ್ಯಾಯಾಧೀಶರಾಗಬೇಡಿ, ಅವರಿಗೆ ಉಪದೇಶವೂ ಬೇಡ. ನೋಡದ ಜಾಗದ ಮಹಜರಿಗೆ ಸಹಿ ಮಾತ್ರ ಎಂದೂ ಹಾಕಬೇಡಿ, ಯಾರು ಒತ್ತಾಯಿಸಿದರೂ. ಒಬ್ಬರನ್ನು ಹುಡುಕಿಕೊಳ್ಳಿ. ಪ್ರತಿ ತಾಲ್ಲೂಕು ಕಚೇರಿಯಲ್ಲೂ ಸದ್ದಿಲ್ಲದೆ ನೆಟ್ಟಗೆ ಕೆಲಸ ಮಾಡುವ ಒಬ್ಬ ಸರ್ವೆಯರ್, ಒಬ್ಬ ಕೇಸ್ ವರ್ಕರ್, ನಿವೃತ್ತಿಯ ಅಂಚಿನಲ್ಲಿರುವ ಒಬ್ಬ ಶಿರಸ್ತೇದಾರರು ಇದ್ದೇ ಇರುತ್ತಾರೆ. ಅವರು ತಾವಾಗಿ ಬಂದು ಹೇಳಿಕೊಳ್ಳುವುದಿಲ್ಲ, ನೀವು ಹೋಗಬೇಕು. ಹತ್ತು ಜನರ ಚಹಾಕ್ಕಿಂತ ಆ ಒಬ್ಬರ ಜೊತೆಗಿನ ಚಹಾ ನಿಮ್ಮನ್ನು ಹೆಚ್ಚು ದಿನ ಕಾಯುತ್ತದೆ.

ಬಿಡಲೇ ಎಂದು ಕೇಳಿದ್ದೀರಿ. ಬಿಡುವುದು ಪಾಪವಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಿವಿಲ್ ಸರ್ವಿಸಿನಲ್ಲಿ ದಶಕಗಳ ಕಾಲ ದುಡಿದು, ತಮಗೆ ಸಲ್ಲಬೇಕಿದ್ದ ಉನ್ನತ ಸ್ಥಾನ ಕಿರಿಯರೊಬ್ಬರಿಗೆ ಹೋದಾಗ ಹುದ್ದೆ ಬಿಟ್ಟು ಹೊರನಡೆದರು. ನ್ಯಾಯ ತಪ್ಪಿದ ಕಡೆ ಎಷ್ಟು ದೊಡ್ಡ ಕುರ್ಚಿಯೂ ರುಚಿಸುವುದಿಲ್ಲ. ಆದರೆ ಅವರು ಬಿಟ್ಟದ್ದು ತಿಳಿದು, ನಿರ್ಧರಿಸಿ. ನೀವು ಈಗ ಬಿಟ್ಟರೆ ಅದು ನಿದ್ದೆಗೆಟ್ಟ ರಾತ್ರಿಯ ನಿರ್ಧಾರವಾಗುತ್ತದೆ. ಆದ್ದರಿಂದ ಈಗ ಬೇಡ. ಪರೀಕ್ಷಾರ್ಥ ಅವಧಿ ಮುಗಿಯಲಿ. ಅಷ್ಟರಲ್ಲಿ ಒಂದು ವಾರ ಗಳಿಕೆ ರಜೆ ಕೇಳಿ ಊರಿಗೆ ಹೋಗಿ ಬನ್ನಿ. ರಜೆ ಕೇಳುವುದು ಅಪರಾಧವೆಂಬ ಭಾವನೆ ಹೊಸಬರಲ್ಲಿ ನೋಡಿದ್ದೇನೆ, ಅದು ನೀವು ದುಡಿದು ಗಳಿಸಿದ ರಜೆ. ಆಮೇಲೆ ನಿಮ್ಮ ಪುಸ್ತಕದ ಎರಡೂ ಬದಿಗಳನ್ನು ಓದಿ. ಹಿಂಬದಿಯ ಹೆಸರುಗಳನ್ನು ಓದಿದಾಗಲೂ ಒಳಗೆ ಏನೂ ಅಲುಗದಿದ್ದರೆ, ಬೇರೆ ಇಲಾಖೆಯ ಪರೀಕ್ಷೆ ಬರೆಯಿರಿ, ಅಥವಾ ನಿಮ್ಮ ಎಂಜಿನಿಯರಿಂಗಿಗೆ ಮರಳಿ. ನಾನೇ ನಿಮ್ಮನ್ನು ಹುರಿದುಂಬಿಸುತ್ತೇನೆ. ಆದರೆ ಅಜ್ಜಿಯ ಬಗ್ಗೆ ಹಾಗೆ ಬರೆದವರು ಅಲುಗದೆ ಇರಲಾರರು ಎಂದು ನನ್ನ ಮನಸ್ಸು ಹೇಳುತ್ತದೆ.

ನಿದ್ದೆಯ ವಿಷಯವನ್ನು ಮಾತ್ರ ಮುಂದೂಡಬೇಡಿ. ರಾತ್ರಿ ಹತ್ತರ ನಂತರ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಪ್ರವಾಹ, ಬೆಂಕಿಯಂಥ ತುರ್ತಿಗೆ ಬಂದು ಎಬ್ಬಿಸಲು ಊರಿನವರಿಗೆ ನಿಮ್ಮ ಮನೆ ಗೊತ್ತಿದೆ. ಎರಡು ವಾರ ಕಳೆದರೂ ನಡುರಾತ್ರಿ ಎಚ್ಚರವಾಗುವುದು ನಿಲ್ಲದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆಂಬ ಯೋಚನೆ ಒಂದು ಸಲ ಸುಳಿದರೂ, 14416ಕ್ಕೆ ಕರೆ ಮಾಡಿ. ಅದು ಟೆಲಿ-ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರೂ ಸಿಗುತ್ತಾರೆ. ಊರಿಗೆ ಪ್ರಮಾಣಪತ್ರ ಕೊಡುವವರು ತಮಗೆ ಸಹಾಯ ಕೇಳಲು ನಾಚಬೇಕಿಲ್ಲ.

ಅಪ್ಪನಿಗೆ ನಿಜ ಹೇಳಿ. ಕೆಲಸ ಬೇಡವೆನಿಸಿದೆ ಎಂದು ಹೇಳಬೇಡಿ, ಅದು ಪೂರ್ತಿ ನಿಜವಲ್ಲ. ‘ಕೆಲಸ ಭಾರವಾಗಿದೆ ಅಪ್ಪ’ ಅನ್ನಿ. ಆಮೇಲೆ ಅಜ್ಜಿಯ ಪೌತಿಯ ಕತೆ ಹೇಳಿ. ಒಂದು ಪಹಣಿಗೆ ವರ್ಷಗಟ್ಟಲೆ ಅಲೆದವರು ಅವರು. ಹನ್ನೊಂದು ವರ್ಷದ ನಂತರ ಹೆಸರು ಬದಲಾದರೆ ಒಂದು ಮನೆಗೆ ಏನಾಗುತ್ತದೆ ಎಂದು ನಿಮ್ಮ ಇಲಾಖೆಯ ಯಾವ ಅಧಿಕಾರಿಗಿಂತಲೂ ಅವರಿಗೆ ಚೆನ್ನಾಗಿ ಗೊತ್ತು. ನಿಮ್ಮ ಕೆಲಸವನ್ನು ನೋಡಬಲ್ಲ ಕಣ್ಣು ನಿಮ್ಮ ಮನೆಯಲ್ಲೇ ಇದೆ, ಅದಕ್ಕೆ ನೀವು ಇದುವರೆಗೆ ಆರ್ಡರ್ ಕಾಪಿಯನ್ನಷ್ಟೇ ತೋರಿಸಿದ್ದೀರಿ.

ಈ ವಾರ ಆ ಊರಿಗೆ ಹೋಗಿ. ಸೊಸೈಟಿಯವರು ಅಜ್ಜಿಯ ಮನೆಗೆ ಸಾಲ ಕೊಟ್ಟರೇ, ಮಕ್ಕಳಿಬ್ಬರು ಈಗ ಮಾತಾಡುತ್ತಾರೆಯೇ, ವಿಚಾರಿಸಿ. ಕಟ್ಟೆಯ ಮೇಲೆ ಕೂತು ನೀರು ಕುಡಿದು ಬನ್ನಿ. ಮೂರು ತಿಂಗಳ ನಂತರ ನನಗೆ ಮತ್ತೆ ಬರೆಯಿರಿ. ಪೆಂಡೆನ್ಸಿಯ ಲೆಕ್ಕ ಬೇಡ, ಅಜ್ಜಿಯ ಸುದ್ದಿ ಬರೆಯಿರಿ.